ಕೊನೆಯ ಮನೆಯಿಂದ ಮುಂದೆ

ನಾನು ಓದಿದ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಒಂದೇ ಒಂದು ಕಂಪ್ಯೂಟರ್ ಇರಲಿಲ್ಲ. ಅದೊಂದು ಕೊರತೆ ಎಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ. ಊರಿತ್ತಲ್ಲ. ನಾವು ಪ್ರೋಗ್ರಾಂ ಬರೆಯುತ್ತಿದ್ದೆವು, ಊರು ಅದನ್ನು ನಡೆಸಿ ತೋರಿಸುತ್ತಿತ್ತು. ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಅಟೆಂಡರ್ ಮಾಬೂಸಾಬ ನಮ್ಮಲ್ಲೊಬ್ಬರು ಬರೆದ ಹಾಳೆಯನ್ನು ವಿಭಾಗದ ಬಾಗಿಲ ಪಕ್ಕದ ಹಲಗೆಗೆ ಸಿಕ್ಕಿಸಿ, ಕಂಚಿನ ಗಂಟೆಯನ್ನು ಒಮ್ಮೆ ಬಾರಿಸುತ್ತಿದ್ದ. ಆ ಸದ್ದು ಕೇಳಿದ್ದೇ ತಡ, ಗಂಟೆ ಬಾರಿಸುವವನನ್ನೂ ಹಾಳೆಗೆ ಸಹಿ ಹಾಕುವವರನ್ನೂ ಬಿಟ್ಟು ಊರಿನವರ ಕೈಕಾಲು ಹಾಳೆಯಲ್ಲಿ ಬರೆದ ಹಾಗೆ ನಡೆಯತೊಡಗುತ್ತಿದ್ದವು. ಹನ್ನೆರಡಕ್ಕೆ ಅವನು ಎರಡು ಸಲ ಬಾರಿಸಿದರೆ ಎಲ್ಲ ನಿಂತು, ಅವರವರ ಕೈಕಾಲು ಅವರವರಿಗೆ ವಾಪಸು ಸಿಗುತ್ತಿತ್ತು.

ಬಾಯಿ ಮಾತ್ರ ಅವರದೇ, ಹಾಳೆ ಕೆಲಸ ಕೊಡದಿದ್ದಾಗ ಕೈಯೂ. ಕಾಲು ಹಾಳೆಯ ಕೆಲಸದಲ್ಲಿದ್ದರೂ ನಾಲಿಗೆ ಅಕ್ಕಪಕ್ಕದವರೊಂದಿಗೆ ಹರಟೆ ಹೊಡೆಯಬಹುದಿತ್ತು. ಆದರೆ ಹಾಳೆ ಏನಾದರೂ ಕೇಳಿದಾಗ ಬಾಯಿಯೂ ಹಾಳೆಯದಾಗಿಬಿಡುತ್ತಿತ್ತು, ಇದ್ದದ್ದು ಇದ್ದ ಹಾಗೆ ಹೊರಬೀಳುತ್ತಿತ್ತು. ಒಮ್ಮೆ ಯಾರೋ ಊರಿನವರನ್ನೆಲ್ಲ ವಯಸ್ಸಿನ ಪ್ರಕಾರ ನಿಲ್ಲಿಸುವ ಪ್ರೋಗ್ರಾಂ ಬರೆದು, ಆ ಬುಧವಾರದ ನಂತರ ಎರಡು ಮದುವೆ ಮಾತುಕತೆ ಮುರಿದುಬಿದ್ದವು.

ಊರಿನವರು ಇದಕ್ಕೆಲ್ಲ ಒಗ್ಗಿಹೋಗಿದ್ದರು. ಬುಧವಾರ ಒಂಬತ್ತೂವರೆಗೆಲ್ಲ ಒಲೆ ಆರಿಸಿ, ಹಾಲು ಮುಚ್ಚಿಟ್ಟು, ಕೂಸುಗಳನ್ನು ತೊಟ್ಟಿಲಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಹಾಳೆ ಎಷ್ಟು ದೂರ ನಡೆಸುತ್ತದೋ ಯಾರು ಕಂಡಿದ್ದಾರೆ ಎಂದು ಸೊಂಟಕ್ಕೆ ಒಂದು ರೊಟ್ಟಿಯ ಗಂಟೂ ಇರುತ್ತಿತ್ತು. ಕ್ಷೌರದವನು ಆ ದಿನ ಕತ್ತಿ ಮುಟ್ಟುತ್ತಿರಲಿಲ್ಲ. ಬುಧವಾರಕ್ಕೆ ಯಾವ ಐನೋರೂ ಮುಹೂರ್ತ ಕೊಡುತ್ತಿರಲಿಲ್ಲ.

ನಾನು ಮೊದಲ ವರ್ಷದಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಬೀದಿಯ ಹತ್ತು ಮನೆಯವರನ್ನು ಗಿಡ್ಡವರಿಂದ ಎತ್ತರದವರವರೆಗೆ ಸಾಲಾಗಿ ನಿಲ್ಲಿಸಬೇಕಿತ್ತು. ಪಕ್ಕಪಕ್ಕದ ಇಬ್ಬರನ್ನು ಹೋಲಿಸುವುದು, ತಪ್ಪಿದ್ದರೆ ಜಾಗ ಬದಲಿಸುವುದು, ಬದಲಿಸಲು ಯಾರೂ ಉಳಿಯದಿದ್ದಾಗ ನಿಲ್ಲುವುದು. ನನ್ನ ಸಹಪಾಠಿ ವಾದಿರಾಜ, 'ಮುಂದಿನವರು ಎತ್ತರವಿದ್ದರೆ' ಎಂದು ಬರೆಯುವ ಬದಲು, 'ಮುಂದಿನವರು ಗಿಡ್ಡ ಇರದಿದ್ದರೆ' ಎಂದು ಬರೆದ. ಆ ಮನೆಗಳಲ್ಲೊಂದರಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ, ಇಬ್ಬರದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಎತ್ತರ. ಇಬ್ಬರೂ ಹನ್ನೆರಡರವರೆಗೆ ಜಾಗ ಬದಲಿಸಿದ್ದೇ ಬದಲಿಸಿದ್ದು. ಒಂಬತ್ತು ವರ್ಷದಿಂದ ಒಲೆಯ ಮುಂದೆ ಯಾರು ಕೂರಬೇಕೆಂದು ಜಗಳವಾಡಿದವರು ಅವರು. ಅಂದಿನ ನಂತರ ಸೊಸೆ ಬುಧವಾರಕ್ಕೆಂದೇ ದಪ್ಪ ಅಟ್ಟೆಯ ಚಪ್ಪಲಿ ಹೊಲಿಸಿಕೊಂಡಳು.

ನಮ್ಮ ಮೇಡಂ, ನಾಗನೂರ ಮೇಡಂ ಎಂದೇ ಎಲ್ಲರೂ ಕರೆಯುತ್ತಿದ್ದದ್ದು, ಅಂದು ವಾದಿರಾಜನನ್ನು ಬೈಯಲಿಲ್ಲ. "ಊರು ನಿನ್ನ ಮನಸ್ಸಿನ್ಯಾಗ ಇದ್ದದ್ದು ಮಾಡೂದಿಲ್ಲಪಾ. ಹಾಳ್ಯಾಗ ಇದ್ದದ್ದು ಮಾಡತೈತಿ. ಹೋಗಿ ಆ ಇಬ್ಬರ ಕಾಲಿಗೂ ಎಣ್ಣಿ ತಿಕ್ಕಿ ಬಾ," ಎಂದರು. ಅವನು ಹೋಗಿ ತಿಕ್ಕಿ ಬಂದ.

ಹಾಳೆ ನಮ್ಮನ್ನು, ಅಂದರೆ ವಿದ್ಯಾರ್ಥಿಗಳನ್ನು, ಮುಟ್ಟುತ್ತಿರಲಿಲ್ಲ. ಅದು ಊರಿನವರ ಕಾಲನ್ನಷ್ಟೇ ಎತ್ತುತ್ತಿತ್ತು, ನಾವು ಮೂರು ವರ್ಷ ಓದಿ ಬಸ್ಸು ಹತ್ತುವವರು. ಬುಧವಾರ ಎಲ್ಲರೂ ಚಪ್ಪಲಿ ಮೆಟ್ಟಿ ಕಾಯುತ್ತಿದ್ದರೆ, ನಾವು ಚಪ್ಪಲಿ ಹೊರಗೆ ಬಿಟ್ಟು ವಿಭಾಗದ ತಂಪು ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನೋಡುತ್ತಿದ್ದೆವು. ಪ್ರವೇಶದ ಅರ್ಜಿಯಲ್ಲಿ 'ಸ್ವಂತ ಊರು' ಎಂಬ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಅಪ್ಪನಿಗೆ ವರ್ಗದ ನೌಕರಿ, ಹದಿನೆಂಟು ವರ್ಷಕ್ಕೆ ಹನ್ನೊಂದು ಬಾಡಿಗೆ ಮನೆ. ಯಾವುದರ ಹೆಸರು ಬರೆಯಲಿ? ಅರ್ಜಿ ತೆಗೆದುಕೊಂಡ ಮಾಬೂಸಾಬ, "ಕಸ್ತೂರಿ ಅಂತ ಹೆಸರು ಛಲೋ ಐತಿ. ಊರು ಮಾತ್ರ ಹುಟ್ಟೇ ಇಲ್ಲೇನವಾ?" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ, ಆದರೆ ಒಳಗೆ ಚುಳ್ ಎಂದಿತ್ತು.

ಆ ಊರು ಉದ್ದಕ್ಕೆ ಬೆಳೆದದ್ದು. ಪಶ್ಚಿಮದಲ್ಲಿ ಬಸ್ಸು ಬಂದು ನಿಲ್ಲುವ ಜಾಗ, ಅದರೆದುರು ವಿಶ್ವವಿದ್ಯಾಲಯ, ಅಲ್ಲಿಂದ ಪೂರ್ವಕ್ಕೆ ಒಂದೇ ಬೀದಿ. ಒಂದರಿಂದ ಇನ್ನೂರ ಹನ್ನೆರಡರವರೆಗೆ ಮನೆ. ಆಮೇಲೆ ಒಂದು ಹುಣಸೆಮರ, ಅದರಾಚೆ ಬಯಲು. ಬಯಲಿನಲ್ಲಿ ದಾರಿ ಇರಲಿಲ್ಲ. ಅಲ್ಲಿಗೆ ಯಾರೂ ಹೋದದ್ದೂ ಇಲ್ಲ, ಅಲ್ಲಿಂದ ಯಾರೂ ಬಂದದ್ದೂ ಇಲ್ಲ. ಆಚೆ ಏನಿದೆ ಎಂದು ಕೇಳಿದರೆ ಊರಿನವರು, "ಏನಿರತೈತಿ, ಬಯಲು," ಎನ್ನುತ್ತಿದ್ದರು.

ಇನ್ನೂರ ಹನ್ನೆರಡನೆಯದು ಫಕೀರವ್ವನ ಮನೆ. ಅರವತ್ತು ದಾಟಿದ ಒಂಟಿ ಹೆಂಗಸು, ಮನೆಯ ಮುಂದಿನ ಅಂಕಣದಲ್ಲಿ ಖಾನಾವಳಿ ನಡೆಸುತ್ತಿದ್ದಳು. ನಾವು ಮೂವತ್ತೆಂಟು ಹುಡುಗ ಹುಡುಗಿಯರು ಎರಡು ಹೊತ್ತೂ ಅಲ್ಲೇ ಉಣ್ಣುತ್ತಿದ್ದೆವು. ಅವಳ ರೊಟ್ಟಿ ತೆಳ್ಳಗೆ, ದುಂಡಗೆ, ತಾಟಿನ ಅಂಚಿಗೆ ಸರಿಯಾಗಿ ಬರುತ್ತಿತ್ತು. ನಾನು ಎಲ್ಲರೂ ಎದ್ದುಹೋದ ಮೇಲೂ ಗೋಡೆಗೆ ಒರಗಿ ಕೂತಿರುತ್ತಿದ್ದೆ. ನಾನೂ ಒಂದು ರೊಟ್ಟಿ ತಟ್ಟಲೇ ಎಂದರೆ, "ಓದಾಕ ಬಂದಾಕಿ ಓದು. ಒಲಿ ಮುಂದ ನಿನಗೇನ ಕೆಲಸ?" ಎಂದು ಗದರುತ್ತಿದ್ದಳು. ಗದರುತ್ತಲೇ ಇನ್ನೊಂದು ಚಮಚ ಝುಣಕ ತಾಟಿಗೆ ಬೀಳುತ್ತಿತ್ತು.

ಎರಡನೆಯ ವರ್ಷದ ಕೊನೆಗೆ ರಿಕರ್ಶನ್ ಎಂಬ ಪಾಠ ಬಂತು. ಕೆಲಸದ ಸ್ವಲ್ಪ ಭಾಗ ನೀನು ಮಾಡು, ಉಳಿದದ್ದನ್ನು ನಿನ್ನಂಥವರಿಗೇ ಒಪ್ಪಿಸು, ಅವರು ಉತ್ತರ ತರುವವರೆಗೆ ಕಾಯಿ. ಮೇಡಂ ಅದನ್ನು ಹಾಗೆಯೇ ಹೇಳಿಕೊಟ್ಟರು. ನನಗೆ ಅದು ತಲೆಗೆ ಹತ್ತಿ ರೋಮಾಂಚನವಾಯಿತು. ಯಾರಿಗೂ ಪೂರ್ತಿ ಕೆಲಸ ಗೊತ್ತಿಲ್ಲ, ಆದರೂ ಕೆಲಸ ಪೂರ್ತಿಯಾಗುತ್ತದೆ. ಊರಿನ ಜನರನ್ನು ಎಣಿಸುವ ಪ್ರೋಗ್ರಾಂ ನಾನು ಬರೆಯುತ್ತೇನೆಂದೆ. ಐದೇ ಸಾಲು:

'ಯಾರಾದರೂ ಬಂದು ಎಷ್ಟು ಮಂದಿ ಎಂದು ಕೇಳಿದರೆ, ಮುಂದಿನ ಮನೆಗೆ ಹೋಗಿ ಅದನ್ನೇ ಕೇಳು. ನಿನ್ನ ಹೊಸ್ತಿಲಿಗೆ ಮರಳಿ ಕಾಯುತ್ತಿರು. ಉತ್ತರ ಬಂದ ಮೇಲೆ ಅದಕ್ಕೆ ನಿನ್ನ ಮನೆಯವರನ್ನು ಸೇರಿಸು. ನಿನ್ನನ್ನು ಕೇಳಿದವರ ಬಳಿ ಹೋಗಿ ಹೇಳು. ಮುಂದೆ ಮನೆ ಇಲ್ಲದಿದ್ದರೆ ನಿನ್ನ ಮನೆಯವರನ್ನಷ್ಟೇ ಎಣಿಸಿ ಹೇಳು.'

ಮೇಡಂ ಎರಡು ಸಲ ಓದಿ ಸಹಿ ಹಾಕಿದರು. ಅವರೂ ಆ ಊರಲ್ಲೇ ಹುಟ್ಟಿ ಬೆಳೆದವರು, ಹಾಗಾಗಿ ಅವರಿಗೂ ಹೊಳೆಯಲಿಲ್ಲ.

ಬುಧವಾರ ಗಂಟೆ ಬಾರಿಸಿತು. ನಾನು ಹೋಗಿ ಮೊದಲನೆಯ ಮನೆಯಲ್ಲಿ ಮಾಬೂಸಾಬನ ಹೆಂಡತಿ ಹಸೀನಾಬಿಯನ್ನು ಕೇಳಿದೆ. ಅವಳು ಎರಡನೆಯ ಮನೆಗೆ ಹೋಗಿ ಕೇಳಿ ಬಂದು ತನ್ನ ಹೊಸ್ತಿಲಲ್ಲಿ ಕೂತಳು. ಎರಡನೆಯವರು ಮೂರಕ್ಕೆ. ಪ್ರಶ್ನೆ ಬೀದಿಯುದ್ದಕ್ಕೂ ಹೊರಟಿತು, ಅದರ ಹಿಂದೆ ಮನೆಗೊಬ್ಬರಂತೆ ಜನ ಹೊಸ್ತಿಲ ಮೇಲೆ ಕೂರುತ್ತಾ ಹೋದರು. ನಾನು ಪ್ರಶ್ನೆಯ ಜೊತೆಗೇ ನಡೆದೆ. ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಹನ್ನೊಂದೂವರೆ ದಾಟುವ ಹೊತ್ತಿಗೆ ಇನ್ನೂರ ಹನ್ನೊಂದನೆಯ ಮನೆಯ ರಾಚಪ್ಪನ ಸರದಿ ಬಂತು. ಅವನು ದರ್ಜಿ. ಫಕೀರವ್ವನ ಒಲೆಯ ಹೊಗೆ ತಾನು ಹೊಲಿದ ಬಿಳಿ ಬಟ್ಟೆಗೆಲ್ಲ ಹತ್ತುತ್ತದೆಂದು ಆರು ವರ್ಷದಿಂದ ಅವಳೊಂದಿಗೆ ಮಾತು ಬಿಟ್ಟವನು. ಆದರೆ ಹಾಳೆಗೆ ಅದೆಲ್ಲ ಎಲ್ಲಿ ಗೊತ್ತು? ಅವನು ಮುಖ ಸಿಂಡರಿಸಿಕೊಂಡೇ ಬಂದು, "ಎಷ್ಟು ಮಂದಿ?" ಎಂದು ಕೇಳಿ ತಿರುಗಿಹೋಗಿ ಕೂತ. ಈಗ ಫಕೀರವ್ವ 'ಒಬ್ಬಳು' ಎನ್ನಬೇಕು, ಅಲ್ಲಿಂದ ಲೆಕ್ಕ ಹಿಂದಿರುಗಬೇಕು. ನಾನು ಪಾಟಿ ಹಿಡಿದು ಕಾದೆ.

ಫಕೀರವ್ವ ಹೊಸ್ತಿಲು ದಾಟಿ ಪೂರ್ವಕ್ಕೆ ತಿರುಗಿ ನಡೆಯತೊಡಗಿದಳು.

"ಆಯಿ, ಎಲ್ಲಿಗೆ?" ಎಂದೆ.

"ನನಗೇನ ಗೊತ್ತವಾ. ಕಾಲು ಹೊಂಟಾವು. ಮುಂದಿನ ಮನಿ ಹುಡುಕಾಕತ್ತಾವು."

"ಮುಂದ ಮನಿ ಇಲ್ಲಲ್ಲ ಆಯಿ."

"ಇಲ್ಲ ಅಂದಿದ್ರ ನಿಲ್ಲತಿದ್ವು."

'ಈ ಊರಿನಲ್ಲಿ' ಎಂಬ ಎರಡು ಮಾತು ನಾನು ಬರೆದಿರಲಿಲ್ಲ. ಮುಂದೆ ಮನೆ ಇಲ್ಲದಿದ್ದರೆ ಎಂದಷ್ಟೇ ಬರೆದಿದ್ದೆ. ಆಗಲೇ ಎರಡನೆಯದೂ ಹೊಳೆಯಿತು. ಈ ಊರಿನಲ್ಲಿ ಹಾಳೆ ಹಿಡಿದ ಕಾಲು ಇಂದಿನವರೆಗೆ ಸುಳ್ಳು ಹೆಜ್ಜೆ ಇಟ್ಟದ್ದಿಲ್ಲ. ಫಕೀರವ್ವ ನಡೆಯುತ್ತಿದ್ದಾಳೆಂದರೆ ಬಯಲಿನಾಚೆ ಎಲ್ಲೋ ಒಂದು ಮನೆ ಇದೆ.

ಹುಣಸೆಮರದವರೆಗೆ ಅವಳ ಜೊತೆ ಓಡಿದೆ. ಅವಳ ಮುಖದಲ್ಲಿ ಹೆದರಿಕೆಯಿತ್ತು, ಅದರ ಜೊತೆಗೆ ಇನ್ನೇನೋ. ಅರವತ್ತು ವರ್ಷ ಬಾಗಿಲಲ್ಲಿ ಕೂತು ನೋಡಿದ ಬಯಲೊಳಗೆ ಕಾಲಿಡುತ್ತಿದ್ದಳಲ್ಲ. ಮರದ ಹತ್ತಿರ ಅವಳೇ ಹೇಳಿದಳು: "ಗಂಟಿ ಸದ್ದು ಈ ಗಿಡದ ತನಕ ಅಷ್ಟ ಕೇಳತೈತಿ. ನೀ ಲಗೂನ ತಿರುಗು. ಹನ್ನೆರಡಕ್ಕ ಮಾಬೂ ಗಂಟಿ ಬಾರಿಸ್ತಾನ."

ಅವಳು ಹೇಳಿದ್ದು ಯಾಕೆಂದು ನನಗೆ ಗೊತ್ತಿತ್ತು. ಆ ಊರಿನಲ್ಲಿ ಎಲ್ಲರಿಗೂ ಗೊತ್ತು, ಟಪಾಲಿನ ದ್ಯಾಮಪ್ಪನ ಕಥೆ. ಬಹಳ ಹಿಂದೆ ಒಂದು ಬುಧವಾರ ದ್ಯಾಮಪ್ಪ ಯಾರೋ ಕೇಳಿದ್ದಕ್ಕೆ ಮೆಟ್ಟಿಲೆಣಿಸಿ ಉತ್ತರ ತರಲು ಊರಾಚೆಯ ಬಾವಿಯೊಳಗೆ ಇಳಿದಿದ್ದ. ಅಷ್ಟರಲ್ಲಿ ಎರಡನೆಯ ಗಂಟೆ ಬಾರಿಸಿ, ಅವನನ್ನು ಕೇಳಿದವರು ಕಾಯುವುದು ಬಿಟ್ಟು ಎದ್ದುಹೋದರು. ಬಾವಿಯೊಳಗೆ ಗಂಟೆ ಕೇಳಲಿಲ್ಲ. ಅವನು ಮೇಲೆ ಬಂದು, ಕಾಯುವವರಿಲ್ಲದ ಉತ್ತರ ಹಿಡಿದುಕೊಂಡು ಮನೆಮನೆ ಅಲೆದ. ಮುಂದೆ ಎಷ್ಟು ಗಂಟೆ ಬಾರಿಸಿದರೂ ಅವನ ಕಾಲು ಬಿಡುಗಡೆಯಾಗಲಿಲ್ಲ. ಸಾಯುವವರೆಗೆ ಕಂಡಕಂಡವರಿಗೆಲ್ಲ, "ಹದಿನೇಳು, ಹದಿನೇಳು," ಎನ್ನುತ್ತಿದ್ದನಂತೆ. ಇಂದು ಹನ್ನೆರಡಕ್ಕೆ ಗಂಟೆ ಬಾರಿಸಿದರೆ ರಾಚಪ್ಪ ಎದ್ದುಹೋಗುತ್ತಾನೆ. ಆಮೇಲೆ ಫಕೀರವ್ವ ಉತ್ತರ ತಂದರೂ ನಿಲ್ಲಲು ಅವಳಿಗೆ ಜಾಗವಿಲ್ಲ.

"ಸಂಜೀಗೆ ಮೂವತ್ತೆಂಟು ಮಂದಿ ಉಣ್ಣಾಕ ಬರ್ತಾವು," ಎಂದು ಅವಳು ಬಯಲಿನೊಳಗಿಂದಲೇ ಕೂಗಿದಳು. "ಹಿಟ್ಟು ಡಬ್ಬ್ಯಾಗ ಐತಿ. ಒಲಿ ನಿನಗ ಬಿಟ್ಟೀನಿ."

ಇನ್ನೂರ ಹನ್ನೆರಡು ಮನೆ ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ವಿಭಾಗದ ಮೆಟ್ಟಿಲು ಹತ್ತುವಾಗ ಮಾಬೂಸಾಬ ಗಂಟೆ ಬಾರಿಸುವ ಕೊಡತಿ ಎತ್ತಿದ್ದ. ನಾನು ಹೋಗಿ ಗಂಟೆಯನ್ನೇ ಎರಡೂ ಕೈಯಿಂದ ತಬ್ಬಿಕೊಂಡೆ.

ನಡೆದದ್ದು ಕೇಳಿ ಮೇಡಂ ಕುರ್ಚಿಯ ಮೇಲೆ ಕೂತರು. ಹಾಳೆಯನ್ನು ಮತ್ತೆ ಓದಿದರು. "ಸಹಿ ನಂದು ಐತಿ," ಎಂದರು ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದರು. "ಆಕಿ ಯಾವಾಗ ತಿರುಗಿ ಬರತಾಳೋ ಗೊತ್ತಿಲ್ಲ. ಅಲ್ಲೀತನಕ ಇನ್ನೂರ ಹನ್ನೊಂದು ಮಂದಿ ಹೊಸ್ತಿಲ ಬಿಟ್ಟು ಏಳಂಗಿಲ್ಲ. ಅವರನ್ನ ಕೇಳದ ನಾ ಹ್ಯಾಂಗ ಹೂಂ ಅನ್ನಲಿ? ಹೋಗು, ನೀನ ಕೇಳಿ ಬಾ."

ಇದಕ್ಕಿಂತ ಕಷ್ಟದ ಪರೀಕ್ಷೆ ನಾನು ಬರೆದಿಲ್ಲ. ಒಂದೊಂದೇ ಹೊಸ್ತಿಲ ಮುಂದೆ ನಿಂತು, ತಪ್ಪು ನನ್ನದು, ಫಕೀರವ್ವ ಬಯಲಿಗೆ ಹೋಗಿದ್ದಾಳೆ, ಗಂಟೆ ಬಾರಿಸಲೋ ಬೇಡವೋ ಎಂದು ಕೇಳಿದೆ. ಹಸೀನಾಬಿ ನನ್ನ ಮಾತು ಮುಗಿಯುವ ಮೊದಲೇ, "ಬಾರಿಸಬ್ಯಾಡ ಅಂತ ಹೇಳು ಅವರಿಗೆ," ಎಂದಳು. ಒಬ್ಬ ಮಿಠಾಯಿ ಅಂಗಡಿಯವನು, ಸಕ್ಕರೆ ಪಾಕ ಕೆಡುತ್ತದೆ, ಬಾರಿಸಿಬಿಡಿ ಎಂದ. ಒಳಗಿನಿಂದ ಅವನ ಹೆಂಡತಿ ಅವನನ್ನು ಯಾವ ಮಾತಲ್ಲಿ ಬೈದಳೆಂದರೆ ಅವನು ಬೇಡ ಎಂದು ತಲೆಯಾಡಿಸಿದ. ಕೆಲವರು ಬೈದರು, ಬೈದು ಒಪ್ಪಿದರು. ಕೊನೆಗೆ ರಾಚಪ್ಪ. ಅವನು ಬಯಲಿನ ಕಡೆಗೇ ನೋಡುತ್ತಿದ್ದ.

"ಆಕಿನ್ನ ಕೇಳಿದಾಂವ ನಾನು," ಎಂದ. "ಉತ್ತರ ಇಸಗೊಳ್ಳದ ನಾ ಏಳಂಗಿಲ್ಲ. ಗಂಟಿ ಬಾರಿಸಿದರೂ ಏಳಂಗಿಲ್ಲ ಅಂತ ಹೇಳು ಮೇಡಮ್ಮಗ."

ಮಾಬೂಸಾಬ ಕೊಡತಿಯನ್ನು ಮೇಡಂ ಅವರ ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಅಂದು ಸಂಜೆಯಿಂದ ಆ ಇನ್ನೂರ ಹನ್ನೊಂದು ಮಂದಿಗೆ ಕಾಲಾದವರು ನಾವೇ. ಬುಧವಾರ ಹೊಸ್ತಿಲಲ್ಲಿ ನಿಲ್ಲುವುದು ಸಾಮಾನ್ಯವಾಗಿ ಮನೆ ನಡೆಸುವವರು, ಹಾಗಾಗಿ ಊರಿನ ಅರ್ಧಕ್ಕರ್ಧ ಒಲೆ ಕೆಟ್ಟಿದ್ದವು. ವಾದಿರಾಜ ಎಮ್ಮೆ ಹಿಂಡಲು ಹೋಗಿ ಒದೆಸಿಕೊಂಡ. ಹುಡುಗಿಯರು ನೀರು ಹೊತ್ತರು. ನಾನು ಫಕೀರವ್ವನ ಒಲೆ ಹಚ್ಚಿ ರೊಟ್ಟಿ ತಟ್ಟಿದೆ. ಮೊದಲ ರೊಟ್ಟಿ ಒಯ್ದುಕೊಟ್ಟಾಗ ರಾಚಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾವ ದೇಶದ ನಕಾಶಿ ತಟ್ಟೀಯವಾ?" ಎಂದ. ಆದರೂ ತಿಂದ. ಹೊಗೆ ಅವನ ಹೊಸ್ತಿಲಿಗೇ ಹೋಗುತ್ತಿತ್ತು, ಅವನು ಕಣ್ಣು ಉಜ್ಜಿಕೊಂಡನೇ ಹೊರತು ಒಂದು ಮಾತು ಆಡಲಿಲ್ಲ. ನಾನು ಹಾಸ್ಟೆಲಿಗೆ ಹೋಗಲಿಲ್ಲ. ಫಕೀರವ್ವನ ಕೌದಿ ಹೊದ್ದು ಅಲ್ಲೇ ಮಲಗಿದೆ, ಅವಳ ಕೋಳಿಗೆ ಕಾಳು ಹಾಕಿದೆ, ಬೆಳಿಗ್ಗೆ ಅವಳ ಅಂಗಳ ಗುಡಿಸಿ ಸಾರಿಸಿದೆ. ಬಂದವಳು ತನ್ನ ಮನೆ ಇದ್ದ ಹಾಗೇ ಇದೆ ಎನ್ನಬೇಕು, ಅಷ್ಟೇ ನನ್ನ ಆಸೆ.

ಶುಕ್ರವಾರ ವಾದಿರಾಜ ಒಂದು ಮಾತು ಹೇಳಿ ನನ್ನ ಜೀವ ಹಿಂಡಿದ. "ಭೂಮಿ ದುಂಡಗೈತಲ್ಲ ಕಸ್ತೂರಿ. ಪ್ರಶ್ನಿ ಮನಿಯಿಂದ ಮನಿಗೆ ಹೋಗಿ ಹೋಗಿ, ತಿರುಗಿ ಪಶ್ಚಿಮದಿಂದ ನಮ್ಮೂರಿಗೇ ಬಂದ್ರ?"

ಬಂದರೆ ಮುಗಿಯಿತು. ಹಸೀನಾಬಿಯನ್ನು ಯಾರೋ ಬಂದು ಮತ್ತೆ ಕೇಳುತ್ತಾರೆ, ಅವಳು ಮತ್ತೆ ಎರಡನೆಯ ಮನೆಗೆ ಹೋಗುತ್ತಾಳೆ, ಪ್ರಶ್ನೆ ಲೋಕವನ್ನು ಸುತ್ತುತ್ತಲೇ ಇರುತ್ತದೆ, ಉತ್ತರ ಯಾರಿಗೂ ಎಂದಿಗೂ ಸಿಗುವುದಿಲ್ಲ. ಮೇಡಮ್ಮಿಗೆ ಇದನ್ನು ಹೇಳಿದೆ. ಅವರು, "ನನಗ ನಿನ್ನೆನ ಹೊಳೆದಿತ್ತು. ನಿನಗ ಹೊಳೀಬಾರದು ಅಂತ ಸುಮ್ಮನಿದ್ದೆ," ಎಂದರು. ಅಂದಿನಿಂದ ನಾನು ಎರಡು ದಿಕ್ಕಿಗೂ ಹೆದರಿ ನೋಡತೊಡಗಿದೆ. ಪೂರ್ವದಿಂದ ಫಕೀರವ್ವ ಬರಬೇಕು, ಪಶ್ಚಿಮದಿಂದ ಯಾರೂ ಬರಬಾರದು. ಬಸ್ಸಿನಿಂದ ಒಬ್ಬ ಅಪರಿಚಿತ ಇಳಿದು ಹಸೀನಾಬಿಯ ಬಾಗಿಲ ಕಡೆ ಹೊರಟಾಗ ನಾನು ಅವನ ಹಿಂದೆಯೇ ಓಡಿದ್ದೆ. ಅವನು ಕುಡಿಯಲು ನೀರು ಕೇಳಿ ಹೋದ.

ಶನಿವಾರ ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದೆ. ಹೊರಗಿನಿಂದ ರಾಚಪ್ಪ, "ಕಸ್ತೂರಿ," ಎಂದ. ಅಷ್ಟೇ, ಹೆಸರು ಮಾತ್ರ. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಬಯಲಿನಲ್ಲಿ ದೂರದಲ್ಲಿ ಒಂದು ಕೆಂಪು ಸೀರೆ ಬರುತ್ತಿತ್ತು.

ಪಾಟಿ ಎತ್ತಿಕೊಂಡು ಓಡಿ, ಹುಣಸೆಮರದ ಹತ್ತಿರ ಅವಳನ್ನು ಕೂಡಿಕೊಂಡೆ. ಅವಳ ಕಾಲು ಬಾತಿದ್ದವು, ಸೀರೆಯ ಅಂಚು ಧೂಳಾಗಿತ್ತು. ಬಾಯಿ ಒಂದೇ ಸಮನೆ ಒಂದು ಸಂಖ್ಯೆಯನ್ನು ಹೇಳುತ್ತಿತ್ತು. ಅದು ಎಷ್ಟು ದೊಡ್ಡದೆಂದರೆ ಹೇಳಿ ಮುಗಿಸಲು ನಡುವೆ ಉಸಿರು ಎಳೆದುಕೊಳ್ಳಬೇಕಿತ್ತು: ಮುನ್ನೂರ ಹನ್ನೊಂದು ಕೋಟಿ, ಎಂಬತ್ತಾರು ಲಕ್ಷ, ಐವತ್ತೆರಡು ಸಾವಿರದ ನಾಲ್ಕುನೂರ ಏಳು. ನಾನು ನಡೆಯುತ್ತ ನಡೆಯುತ್ತ ಪಾಟಿಯ ಮೇಲೆ ಬರೆದುಕೊಂಡೆ. ಬರೆಯುತ್ತಿದ್ದಂತೆ ನನಗೆ ಅರ್ಥವಾದದ್ದು ಇಷ್ಟು. ಎಲ್ಲೋ, ಲೆಕ್ಕವಿಲ್ಲದಷ್ಟು ದೂರದಲ್ಲಿ, ಒಂದು ಕೊನೆಯ ಮನೆ ಇತ್ತು. ಅಲ್ಲಿ ಯಾರೋ ಒಬ್ಬರು ಬಾಗಿಲಲ್ಲಿ ನಿಂತು ಮುಂದೆ ನೋಡಿದ್ದರು, ಮುಂದೆ ಮನೆ ಇರಲಿಲ್ಲ. ಅವರು ಒಳಗೆ ತಿರುಗಿ ತಮ್ಮವರನ್ನು ಎಣಿಸಿ ಹಿಂದಿನ ಮನೆಗೆ ಹೋಗಿ ಹೇಳಿದ್ದರು. ಅಲ್ಲಿಂದ ಒಂದು ಮನೆಯೂ ತಪ್ಪದೆ, ಒಬ್ಬರೂ ಎದ್ದುಹೋಗದೆ, ಅದು ಈ ಬಾತ ಕಾಲಿನವರೆಗೆ ಬಂದಿತ್ತು. ನನ್ನ ಐದು ಸಾಲಿಗೆ. ನನಗೆ ಅಳು ಬಂತು, ಅತ್ತೆ.

ಫಕೀರವ್ವ ತನ್ನ ಹೊಸ್ತಿಲು ಮುಟ್ಟಿ, ತಿರುಗಿ ರಾಚಪ್ಪನ ಬಳಿ ಹೋದಳು. ಅವನು ಆಗಲೇ ಎದ್ದು ನಿಂತಿದ್ದ. ಅವಳು ಗಟ್ಟಿಯಾಗಿ ಹೇಳಿದಳು: "ಮುನ್ನೂರ ಹನ್ನೊಂದು ಕೋಟಿ, ಎಂಬತ್ತಾರು ಲಕ್ಷ, ಐವತ್ತೆರಡು ಸಾವಿರದ ನಾಲ್ಕುನೂರ ಒಂಬತ್ತು." ಹೇಳಿದ್ದೇ ಅವಳ ಕಾಲು ಅವಳದಾಯಿತು, ಕುಸಿದು ಅಲ್ಲೇ ಕೂತಳು. ರಾಚಪ್ಪ ಮನೆಯ ಮೂವರನ್ನು ಸೇರಿಸಿ, ನಾಲ್ಕುನೂರ ಹನ್ನೆರಡು ಎಂದು ಹೇಳುತ್ತ ಹೊರಟ. ಹೋಗುವ ಮುನ್ನ ಅವಳ ಕಡೆ ನೋಡಿ, "ನೀರು ಕುಡಿ ಮೊದಲ," ಎಂದ. ಆರು ವರ್ಷದ ನಂತರ ಅವನು ತಾನಾಗಿ ಅವಳೊಂದಿಗೆ ಆಡಿದ ಮೊದಲ ಮಾತು ಅದು.

ನಾನು ಅವಳಿಗೆ ನೀರು ಕೊಟ್ಟೆ. "ಮನಿ ಸಿಕ್ತೇನ ಆಯಿ?" ಎಂದೆ.

"ಸಿಕ್ತು. ಒಂದು ದಿನದ ದಾರಿ. ಮಣ್ಣಿನ ಮನಿ, ನಮ್ಮಂಗ. ಒಬ್ಬಾಕಿ ಕಾಳು ಕೇರಾಕತ್ತಿದ್ದಳು. ಆಕಿ ಭಾಷೆ ನನಗ ತಿಳೀಲಿಲ್ಲ, ನಂದು ಆಕಿಗೆ ತಿಳೀಲಿಲ್ಲ. ಆದರ ನಾ ಕೇಳಿದ್ದು ಆಕಿಗೆ ತಿಳೀತು. ಕೇರೂ ಮರ ಕೆಳಗಿಟ್ಟು ಎದ್ದು ಹೋದಳು ಮುಂದಿನ ಮನಿಗೆ." ಅವಳು ನೀರು ಕುಡಿದು ಬಾಯಿ ಒರೆಸಿಕೊಂಡಳು. "ನಾ ಅಲ್ಲಿಂದ ತಿರುಗಿ ನಮ್ಮ ಹೊಸ್ತಿಲಿಗೆ ಬರಬೇಕಿತ್ತು, ಹಾಳ್ಯಾಗ ಹಾಂಗ ಬರದೀಯಲ್ಲ. ಅರ್ಧ ದಾರಿ ಬಂದಿದ್ದೆ, ಹಿಂದಿನಿಂದ ಆಕಿ ಓಡಿ ಬಂದು ಹೇಳಿದಳು. ಬಯಲಾಗ ನಾವಿಬ್ಬರ. ಎಷ್ಟು ದೊಡ್ಡ ಅಂಕಿಯವಾ ಅದು. ಹೇಳಿ ಆಕಿನೂ ಗಾಬರಿಯಾಗಿ ನಿಂತಳು, ನಾನೂ ನಿಂತೆ."

ಪಾಟಿ ಹಿಡಿದು ನಾನು ಸಂಖ್ಯೆಯ ಹಿಂದೆ ಹೊರಟೆ. ಅದು ಬೀದಿಯಲ್ಲಿ ಮನೆಯಿಂದ ಮನೆಗೆ ಹೋಯಿತು. ತಲುಪಿಸಿದವರು ಒಬ್ಬೊಬ್ಬರಾಗಿ ಬಿಡುಗಡೆಯಾದರು. ಆದರೆ ಯಾರೂ ಒಳಗೆ ಹೋಗಲಿಲ್ಲ. ಅಷ್ಟು ಕೋಟಿಯ ಕೊನೆಗೆ ತಮ್ಮ ಮನೆಯ ನಾಲ್ಕು, ಐದು, ಆರು ಸೇರಿದ್ದನ್ನು ಕೇಳಿದವರು, ಸಂಖ್ಯೆಯ ಹಿಂದೆ ಸುಮ್ಮನೆ ನಡೆದುಬಂದರು. ಹಿಂದಿನ ಬುಧವಾರ ಹುಟ್ಟಿದ ಕೂಸೊಂದನ್ನು ಅದರ ಅಜ್ಜಿ ಎತ್ತಿ ಹಿಡಿದು, "ಇದನ್ನೂ ಸೇರಿಸೀನಿ," ಎಂದು ಎಲ್ಲರಿಗೂ ತೋರಿಸಿದಳು. ಹಸೀನಾಬಿ ನನಗೆ ಕೊನೆಯ ಉತ್ತರ ಹೇಳುವಾಗ ಇಡೀ ಊರು ವಿಭಾಗದ ಮುಂದೆ ನಿಂತಿತ್ತು.

ಜನ ಚದುರಿದ ಮೇಲೆ ಮೇಡಂ ಗ್ರಾಮದ ಪಟ್ಟಿ ತೆಗೆದು ತಾಳೆ ನೋಡಿದರು. ಫಕೀರವ್ವ ತಂದ ಸಂಖ್ಯೆಯನ್ನು ಕಳೆದರೆ ನಮ್ಮ ಊರಿನವರಷ್ಟೇ ಉಳಿಯಬೇಕು. ಪಟ್ಟಿಯಲ್ಲಿ ಸಾವಿರದ ನಲವತ್ತಾರು. ಆ ಕೂಸನ್ನು ಹಿಡಿದರೆ ನಲವತ್ತೇಳು. ನನ್ನ ಪಾಟಿಯ ಮೇಲೆ ನಲವತ್ತೆಂಟು.

"ಒಂದು ಹೆಚ್ಚೈತಿ," ಎಂದರು ಮೇಡಂ.

"ನನಗ ಗೊತ್ತೈತ್ರಿ ಎಲ್ಲಿ ಅಂತ," ಎಂದೆ. "ಫಕೀರವ್ವಾಯಿ ಇರೂದು ಒಬ್ಬಾಕಿ. ಎರಡು ಸೇರಿಸ್ಯಾಳ. ದಣಿದಿದ್ದಳು, ತಪ್ಪಿರಬೇಕು."

ಮೇಡಂ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ನನ್ನ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಹಾಳೆಯ ಮೇಲೆ ಪೂರ್ತಿ ಅಂಕ ಹಾಕಿ ನನ್ನ ಕಡೆ ಸರಿಸಿದರು. "ಬರೂ ಬುಧವಾರ ಚಪ್ಪಲಿ ಮೆಟ್ಟಿಕೊಂಡು ಬಾ," ಎಂದರು. ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ, ದಣಿವಿನಲ್ಲಿ ಕೇಳಲೂ ಇಲ್ಲ.

ಫಕೀರವ್ವನನ್ನು ಕೇಳಿದೆ. ಅವಳ ಪಾದಕ್ಕೆ ಎಣ್ಣೆ ತಿಕ್ಕುತ್ತ, "ಆಯಿ, ನಿನ್ನ ಲೆಕ್ಕ ಒಂದು ತಪ್ಪೈತಿ," ಎಂದೆ.

"ನಾ ಎಲ್ಲಿ ಎಣಿಸೀನಿ? ಒಂದ ಅನ್ನಬೇಕು ಅಂತ ನಾನೂ ಅಂದಕೊಂಡಿದ್ದೆ. ಹೊಸ್ತಿಲ ಮುಟ್ಟಿದೆ, ಬಾಯಿ ಎರಡ ಅಂತು. ಬರದಾಕಿ ನೀನ, ತಪ್ಪು ಅನ್ನಾಕಿನೂ ನೀನ," ಎಂದು ಅವಳು ಕಣ್ಣು ಮುಚ್ಚಿಕೊಂಡಳು. "ಅಂಗಳ ಯಾರ ಸಾರಿಸಿದರು? ಛಲೋ ಸಾರಿಸ್ಯಾರ."

ಮುಂದಿನ ಬುಧವಾರ ಮೊದಲ ವರ್ಷದ ಹುಡುಗನೊಬ್ಬನ ಸರದಿ. ಅದೇ ಹಳೆಯ ಪಾಠ, ಎತ್ತರದ ಪ್ರಕಾರ ಸಾಲು ನಿಲ್ಲಿಸುವುದು. ನಾನು ಎಂದಿನಂತೆ ಚಪ್ಪಲಿ ಹೊರಗೆ ಬಿಟ್ಟು ತಂಪು ಕಲ್ಲಿನ ಮೇಲೆ ಗೆಳತಿಯರ ಜೊತೆ ನಿಂತಿದ್ದೆ. ಮಾಬೂಸಾಬ ಗಂಟೆಯನ್ನು ಒಮ್ಮೆ ಬಾರಿಸಿದ.

ನನ್ನ ಬಲಗಾಲು ಎದ್ದಿತು. ನಾನು ಎತ್ತಿರಲಿಲ್ಲ. ಅದು ಮೆಟ್ಟಿಲಿಳಿಯಿತು, ಎಡಗಾಲು ಅದರ ಹಿಂದೆ ಬಂತು. ಗೆಳತಿಯರು ಏನೋ ಕೂಗಿದರು, ಮಾಬೂಸಾಬನ ಕೈಯಿಂದ ಕೊಡತಿ ಬಿತ್ತು. ಮೇಡಂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನಾನು ಸುಡುವ ಬೀದಿಯಲ್ಲಿ ಬರಿಗಾಲಲ್ಲಿ ನಡೆದೆ, ನಡೆಯುತ್ತಿದ್ದವಳು ನಾನಲ್ಲ, ಆದರೂ ಬದುಕಿನಲ್ಲಿ ಅಷ್ಟು ನೆಟ್ಟಗೆ ಯಾವ ಕಡೆಗೂ ನಡೆದವಳಲ್ಲ. ಇನ್ನೂರ ಹನ್ನೆರಡನೆಯ ಮನೆಯ ಮುಂದೆ ಸಾಲು ಆಗಲೇ ಕೂಡುತ್ತಿತ್ತು. ನನ್ನ ಕಾಲು ಅಲ್ಲಿ ಫಕೀರವ್ವನ ಪಕ್ಕಕ್ಕೆ ಹೋಗಿ ನಿಂತವು. ಹಾಳೆ ನಮ್ಮಿಬ್ಬರನ್ನು ಹೋಲಿಸಿತು, ನಾನು ಎರಡು ಬೆರಳು ಗಿಡ್ಡ, ಅವಳ ಮುಂದೆ ಬಂದೆ.

ಅವಳು ಬಗ್ಗಿ ನನ್ನ ಪಾದ ನೋಡಿದಳು.

"ಚಪ್ಪಲಿ ಎಲ್ಲಿ?" ಎಂದಳು. "ಬುಧವಾರ ಬರಿಗಾಲಲೆ ಹೊರಬೀಳತಾರೇನ, ನಮ್ಮ ಊರಾಗ?"

ಅವಳು ತನ್ನ ಎಡಗಾಲಿನ ಚಪ್ಪಲಿ ಬಿಚ್ಚಿ ನನ್ನ ಕಡೆಗೆ ದೂಡಿದಳು, ಹನ್ನೆರಡರ ಗಂಟೆಯವರೆಗೆ ನಾವಿಬ್ಬರೂ ಒಂದೊಂದೇ ಚಪ್ಪಲಿಯಲ್ಲಿ ನಿಂತೆವು.